ಜರ್ಮನ್ ಡೀಸೆಲ್ ಎಂಜಿನ್ನಿನ ಹೆಸರನ್ನು ಓದಿ ಅದರ ಅಳತೆ ತಿಳಿಯುವ ಕ್ರಮ

ತುಮಕೂರಿನಿಂದ ಶಿರಾ ಕಡೆಗೆ ಹೊರಡುವ ಹೆದ್ದಾರಿಯ ಬದಿಯಲ್ಲಿ, ಅಂತರಸನಹಳ್ಳಿಯ ಆಸುಪಾಸಿನ ಗ್ಯಾರೇಜುಗಳಿಗೂ ಲೇತ್ ಶಾಪುಗಳಿಗೂ ಬರುವ ಎಂಜಿನ್ನುಗಳೆಲ್ಲ ಲಾರಿಗಳವೇ ಆಗಿರುವುದಿಲ್ಲ. ಕ್ರಷರ್‌ನ ಕಂಪ್ರೆಸರ್, ಕಾರ್ಖಾನೆಯ ಜನರೇಟರ್, ಹರಾಜಿನಲ್ಲಿ ಕೊಂಡ ಹಳೆಯ ಯಂತ್ರ, ಹೀಗೆ ನಾಲ್ಕಾರು ಕೈ ದಾಟಿ, ಕೈಪಿಡಿಯನ್ನು ಎಲ್ಲೋ ಕಳೆದುಕೊಂಡು ಬಂದವೂ ಅವುಗಳಲ್ಲಿ ಇರುತ್ತವೆ. ಅಂತಹ ಎಂಜಿನ್ ಜರ್ಮನ್ ಕಂಪನಿಯದ್ದಾಗಿದ್ದರೆ, ಅಥವಾ ಜರ್ಮನ್ ವಿನ್ಯಾಸವನ್ನು ಆಧರಿಸಿ ನಮ್ಮ ದೇಶದಲ್ಲೇ ತಯಾರಾದದ್ದಾಗಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಅದರ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು. ಬೋರ್ (ಸಿಲಿಂಡರಿನ ಒಳವ್ಯಾಸ) ಎಷ್ಟು, ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸರಿಯುವ ದೂರ) ಎಷ್ಟು, ಸಿಲಿಂಡರ್ ಎಷ್ಟು, ತಣಿಸುವುದು ಗಾಳಿಯೋ ನೀರೋ ಎಂಬುದನ್ನು ಜರ್ಮನ್ ತಯಾರಕರು ಬಹಳ ಕಾಲದಿಂದ ಹೆಸರಿನೊಳಗೇ ಅಡಗಿಸಿಡುತ್ತ ಬಂದಿದ್ದಾರೆ. ಆದರೆ ಒಬ್ಬೊಬ್ಬ ತಯಾರಕನ ಕ್ರಮ ಒಂದೊಂದು ಬಗೆಯದು. ಒಬ್ಬನ ಸೂತ್ರವನ್ನು ಇನ್ನೊಬ್ಬನ ಎಂಜಿನ್ನಿಗೆ ಹಚ್ಚಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ, ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳಲು ಹೊರಟವರಿಗೆ ಉಪಯೋಗವಾಗಲೆಂದು ಆ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹೆಸರನ್ನು ಹುಡುಕುವುದು

ಹೆಸರಿರುವ ತಗಡಿನ ಫಲಕವನ್ನು ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸಿನ, ಎಂದರೆ ಕ್ರ್ಯಾಂಕ್ ಶಾಫ್ಟ್ ಕೂತಿರುವ ಎರಕದ ಮೈಯ, ಪಕ್ಕದಲ್ಲಿ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಅದರ ಮೇಲೆ ಬಣ್ಣ ಬಳಿದಿದ್ದರೆ ವೈರ್ ಬ್ರಷ್‌ನಿಂದ ಉಜ್ಜಬೇಡಿ, ಅಕ್ಷರವೂ ಸವೆದುಹೋಗುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ಒರೆಸಿ. ಕ್ರ್ಯಾಂಕ್‌ಕೇಸಿನ ಎರಕದ ಮೇಲೆಯೇ ಪಂಚ್ ಮಾಡಿದ ಸಂಖ್ಯೆ ಬೇರೆ ಇರುತ್ತದೆ. ಅದು ಮಸುಕಾಗಿದ್ದರೆ ಒಣಗಿಸಿ, ಮೇಲೆ ಚಾಕ್‌ಪೀಸ್ ತಿಕ್ಕಿ, ಬೆರಳಿನಿಂದ ಒರೆಸಿದಾಗ ಗೀರಿನೊಳಗೆ ಉಳಿದ ಬಿಳಿಪುಡಿ ಅಂಕಿಗಳನ್ನು ತೋರಿಸುತ್ತದೆ. ಫಲಕಕ್ಕೂ ಪಂಚ್ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ ಪಂಚ್ ಸಂಖ್ಯೆಯನ್ನೇ ನಂಬುವುದು ಲೇಸು, ಏಕೆಂದರೆ ನಾಲ್ಕು ರಿವೆಟ್ ಕಿತ್ತರೆ ಫಲಕ ಬೇರೆ ಎಂಜಿನ್ನಿಗೆ ಹೋಗುತ್ತದೆ, ಎರಕ ಹೋಗುವುದಿಲ್ಲ. ಎರಡರ ಫೋಟೊವನ್ನೂ ತೆಗೆದಿಟ್ಟುಕೊಳ್ಳಿ.

ಡಾಯ್ಟ್ಸ್

ಕಲಿಯುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇದರಷ್ಟು ನೇರವಾದ ಹೆಸರು ಇನ್ನೊಂದಿಲ್ಲ. ನಿಕೋಲಾಸ್ ಒಟ್ಟೊ ಮತ್ತು ಆಯ್ಗನ್ ಲಾಂಗನ್ 1864ರಲ್ಲಿ ಕೊಲೋನ್ ನಗರದಲ್ಲಿ ಕಟ್ಟಿದ ಕಾರ್ಖಾನೆ ಮುಂದೆ ಡಾಯ್ಟ್ಸ್ ಕಂಪನಿಯಾಯಿತು; ಒಟ್ಟೊನ ನಾಲ್ಕು ಸ್ಟ್ರೋಕಿನ ಎಂಜಿನ್ 1876ರಲ್ಲಿ ಅಲ್ಲಿಯೇ ಹುಟ್ಟಿತು. ಗಾಳಿಯಿಂದ ತಣಿಯುವ ಅದರ 912 ವರ್ಗದ ಎಂಜಿನ್ನನ್ನು ತೆಗೆದುಕೊಳ್ಳೋಣ. ಫಲಕದ ಮೇಲೆ 'ಎಫ್ 4 ಎಲ್ 912' ಎಂದಿದ್ದರೆ, ಎಫ್ ಎಂಬುದು ವಾಹನಕ್ಕೆ ಒಗ್ಗುವ ವೇಗದ ಎಂಜಿನ್ ಎಂಬುದನ್ನೂ, 4 ಸಿಲಿಂಡರ್‌ಗಳ ಸಂಖ್ಯೆಯನ್ನೂ, ಎಲ್ ಗಾಳಿಯ ತಂಪನ್ನೂ, 9 ಎಂಜಿನ್ನಿನ ಪೀಳಿಗೆಯನ್ನೂ, ಕೊನೆಯ 12 ಸೆಂಟಿಮೀಟರಿನಲ್ಲಿ ಸ್ಟ್ರೋಕನ್ನೂ ಸೂಚಿಸುತ್ತವೆ. ಎಂದರೆ ಸ್ಟ್ರೋಕ್ 120 ಮಿಲಿಮೀಟರ್. ಬೋರ್ ಮಾತ್ರ ಹೆಸರಿನಲ್ಲಿಲ್ಲ; 912ಕ್ಕೆ ಅದು 100 ಮಿಲಿಮೀಟರ್ ಎಂಬುದನ್ನು ನೆನಪಿಡಬೇಕು.

ಇದೇ ಕುಟುಂಬದ 913ರಲ್ಲಿ ಬೋರ್ 102, ಸ್ಟ್ರೋಕ್ 125. ಹನ್ನೆರಡೂವರೆ ಸೆಂಟಿಮೀಟರನ್ನು ಹದಿಮೂರಕ್ಕೆ ಏರಿಸಿ ಬರೆದಿದ್ದಾರೆ, ಆದ್ದರಿಂದ ಕೊನೆಯ ಎರಡು ಅಂಕಿಗಳು ಸ್ಟ್ರೋಕಿನ ಹತ್ತಿರದ ಅಂದಾಜನ್ನಷ್ಟೇ ಕೊಡುತ್ತವೆ. ಹೆಸರಿನ ಮೊದಲಿಗೆ 'ಬಿ' ಇದ್ದರೆ ಟರ್ಬೊ ಚಾರ್ಜರ್ ಇದೆ. ಎಲ್ ಬದಲು 'ಎಂ' ಇದ್ದರೆ ನೀರಿನಿಂದಲೋ ಕೂಲಂಟ್‌ನಿಂದಲೋ ತಣಿಯುವುದು. 'ಬಿಎಫ್ 6 ಎಂ 1013' ಎಂಬ ಹೆಸರನ್ನು ಈಗ ಓದುಗರೇ ಬಿಡಿಸಬಹುದು: ಟರ್ಬೊ ಇರುವ, ಆರು ಸಿಲಿಂಡರಿನ, ಕೂಲಂಟಿನ ಎಂಜಿನ್, ಪೀಳಿಗೆ 10, ಸ್ಟ್ರೋಕ್ 13 ಸೆಂಟಿಮೀಟರ್. ಅದರ ಬೋರ್ 108 ಮಿಲಿಮೀಟರ್.

ಎಂಎಎನ್

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಓಡಿಸಿ ತೋರಿಸಿದ್ದು ಔಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯೇ ನ್ಯೂರ್ನ್‌ಬರ್ಗ್‌ನ ಇನ್ನೊಂದರೊಡನೆ ಸೇರಿ ಎಂಎಎನ್ ಆಯಿತು. 1897ರಲ್ಲಿ ಪರೀಕ್ಷೆಗೆ ನಿಂತ ಆ ಎಂಜಿನ್ನಿನ ಬೋರ್ 250 ಮಿಲಿಮೀಟರ್, ಸ್ಟ್ರೋಕ್ 400 ಮಿಲಿಮೀಟರ್. ಇಂಧನದ ಶಕ್ತಿಯಲ್ಲಿ ಶೇ. 26.2ರಷ್ಟನ್ನು ಅದು ಕೆಲಸಕ್ಕೆ ತಂದಿತು, ಆ ಕಾಲದ ಉಗಿಯಂತ್ರಗಳಿಗೆ ಅದು ಎಟುಕದ ಮಾತು. ಹಡಗು ಮತ್ತು ವಿದ್ಯುದಾಗಾರಗಳ ದೊಡ್ಡ ಎಂಜಿನ್ನುಗಳಿಗೆ ಎಂಎಎನ್ ಬೋರ್ ಮತ್ತು ಸ್ಟ್ರೋಕನ್ನೇ ಹೆಸರಾಗಿಡುತ್ತ ಬಂದಿದೆ: '48/60' ಎಂದರೆ ಬೋರ್ 48 ಸೆಂಟಿಮೀಟರ್, ಸ್ಟ್ರೋಕ್ 60 ಸೆಂಟಿಮೀಟರ್. '20 ವಿ 32/44' ಎಂದಿದ್ದರೆ ಅದು ವಿ ಆಕಾರದಲ್ಲಿ ಕೂರಿಸಿದ ಇಪ್ಪತ್ತು ಸಿಲಿಂಡರ್‌ಗಳ ಎಂಜಿನ್.

ಲಾರಿ, ಬಸ್ಸು, ಜನರೇಟರ್‌ಗಳ ಎಂಎಎನ್ ಎಂಜಿನ್ನುಗಳ ಹೆಸರು ಇನ್ನಷ್ಟು ಬಿಗಿಯಾದದ್ದು. 'ಡಿ 2866' ಎಂಬುದರಲ್ಲಿ ಡಿ ಡೀಸೆಲ್ಲಿಗೆ ನಿಂತಿದೆ. ಮೊದಲ ಎರಡು ಅಂಕಿಗಳಿಗೆ ನೂರು ಕೂಡಿಸಿದರೆ ಬೋರ್ ಸಿಗುತ್ತದೆ: 128 ಮಿಲಿಮೀಟರ್. ಮೂರನೆಯ ಅಂಕಿಯನ್ನು ಹತ್ತರಿಂದ ಗುಣಿಸಿ ನೂರು ಕೂಡಿಸಿದರೆ ಸ್ಟ್ರೋಕಿನ ಅಂದಾಜು: 160. ನಾಲ್ಕನೆಯದು ಸಿಲಿಂಡರ್ ಸಂಖ್ಯೆ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಡಿ 2866ರ ನಿಜವಾದ ಸ್ಟ್ರೋಕ್ 155 ಮಿಲಿಮೀಟರ್, ಆದ್ದರಿಂದ 160 ಎಂದು ಲೆಕ್ಕ ಹಾಕಿದವರಿಗೆ ಒಟ್ಟು ಗಾತ್ರದಲ್ಲಿ 400 ಸಿಸಿಗೆ ಹತ್ತಿರದ ವ್ಯತ್ಯಾಸ ಬರುತ್ತದೆ. ಎರಡನೆಯದಾಗಿ, ಸಿಲಿಂಡರ್ ಹತ್ತೋ ಹನ್ನೆರಡೋ ಇದ್ದಾಗ ಕೊನೆಯ ಅಂಕಿಯನ್ನಷ್ಟೇ ಬರೆಯುತ್ತಾರೆ: 'ಡಿ 2842' ಎರಡು ಸಿಲಿಂಡರಿನದಲ್ಲ, ಹನ್ನೆರಡು ಸಿಲಿಂಡರಿನ ವಿ ಎಂಜಿನ್, ಬೋರ್ 128, ಸ್ಟ್ರೋಕ್ 142.

ನಮ್ಮ ದೇಶಕ್ಕೆ ಎಂಎಎನ್ ವಿನ್ಯಾಸ ಶಕ್ತಿಮಾನ್ ಲಾರಿಯ ರೂಪದಲ್ಲಿ ಬಂದಿತು. ಜಬಲ್ಪುರದಲ್ಲಿ ಸೇನೆಗಾಗಿ ತಯಾರಾದ ಆ ಗಾಡಿಗಳು ಹರಾಜಾದ ಮೇಲೆ ಮರದ ದಿಮ್ಮಿ ಸಾಗಿಸಿದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ.

ಎಂಟಿಯು

ಇದರ ಎಂಜಿನ್ನುಗಳು ಗ್ಯಾರೇಜಿಗೆ ಬರುವ ಸಂಭವ ಕಡಿಮೆ. ದೊಡ್ಡ ಕಾರ್ಖಾನೆಯ ಜನರೇಟರ್ ಕೋಣೆಯಲ್ಲಿ ನೋಡಲು ಸಿಗಬಹುದು. ಜೆಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡಿಕೊಡಲು ಹುಟ್ಟಿ, ಬೋಡನ್ ಸರೋವರದ ದಡದ ಫ್ರೀಡ್ರಿಕ್ಸ್‌ಹಾಫನ್‌ಗೆ ಬಂದು ನೆಲೆಸಿದ ಮೈಬಾಕ್ ಕಾರ್ಖಾನೆಯ ವಂಶ ಇದು. ಎಂಟಿಯು ಎಂಬ ಹೆಸರು 1969ರಲ್ಲಿ ಬಂದಿತು. ಎಂಟಿಯು ಎಂಜಿನ್ನಿನ ಸಂಖ್ಯೆ ಹೇಳುವುದು ಬೋರನ್ನೂ ಅಲ್ಲ, ಸ್ಟ್ರೋಕನ್ನೂ ಅಲ್ಲ, ಒಂದು ಸಿಲಿಂಡರಿನ ಗಾತ್ರವನ್ನು. '396' ಎಂದರೆ ಒಂದೊಂದು ಸಿಲಿಂಡರ್ 3.96 ಲೀಟರ್, '956' ಎಂದರೆ 9.56 ಲೀಟರ್. 2000, 4000 ಎಂಬ ಹೊಸ ಹೆಸರುಗಳಲ್ಲಿ ನೂರರ ಬದಲು ಸಾವಿರದಿಂದ ಭಾಗಿಸಬೇಕು, ಅದೂ ಸ್ಥೂಲವಾಗಿ: '2000' ಎಂದರೆ ಹೆಚ್ಚುಕಡಿಮೆ ಎರಡು ಲೀಟರ್, '4000' ಎಂದರೆ ನಾಲ್ಕಕ್ಕಿಂತ ಮೇಲೆ. 4000 ವರ್ಗದ ಹಿಂದಿನ ಎಂಜಿನ್ನುಗಳಲ್ಲಿ ಅದು 4.06 ಲೀಟರ್ ಇದ್ದು ಆಮೇಲಿನವುಗಳಲ್ಲಿ 4.77ಕ್ಕೆ ಏರಿತು, ಹೆಸರು ಮಾತ್ರ ಬದಲಾಗಲಿಲ್ಲ.

ಸಂಖ್ಯೆಯ ಮುಂದೆ 'ಎಂಬಿ' ಎಂದು ಇದ್ದರೆ ಈ ಸೂತ್ರವನ್ನು ಹಚ್ಚಬೇಡಿ. ನಮ್ಮ ಅರ್ಜುನ್ ಟ್ಯಾಂಕಿನಲ್ಲಿರುವ 1400 ಅಶ್ವಶಕ್ತಿಯ 'ಎಂಬಿ 838' ಎಂಜಿನ್ನಿನ ಪ್ರತಿ ಸಿಲಿಂಡರ್ 8.38 ಲೀಟರ್ ಅಲ್ಲ, 3.74 ಲೀಟರ್, ಹತ್ತು ಸಿಲಿಂಡರ್ ಸೇರಿ 37.4 ಲೀಟರ್.

ಬೆಂಜ್ ಮತ್ತು ಟಾಟಾ

ಹೆದ್ದಾರಿಯಲ್ಲಿ ಕೆಲಸ ಮಾಡುವವರಿಗೆ ಹೆಚ್ಚು ಹತ್ತಿರವಾದದ್ದು ಇದು. ಟಾಟಾದವರ ಟೆಲ್ಕೊ ಕಂಪನಿಯು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು, 1969ರವರೆಗೆ ಆ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸಿತು. ಬೆಂಜ್‌ನವರು ತಮ್ಮ ಡೀಸೆಲ್ ಎಂಜಿನ್ನುಗಳಿಗೆ 'ಓಎಂ' ಎಂಬ ಅಕ್ಷರಗಳ ಮುಂದೆ ಸಂಖ್ಯೆಯನ್ನು ಇಡುತ್ತಾರೆ: ಓಎಂ 312, ಓಎಂ 352. ಈ ಸಂಖ್ಯೆಗಳು ಕೇವಲ ಕ್ರಮಸಂಖ್ಯೆಗಳು. ಅವುಗಳಿಂದ ಬೋರ್ ಬಿಡಿಸಲು ಹೋದರೆ ಏನೂ ದಕ್ಕುವುದಿಲ್ಲ. ಟಾಟಾ ಮಾತ್ರ ಬೇರೆ ದಾರಿ ಹಿಡಿಯಿತು. '697' ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. '497' ಎಂದರೆ ನಾಲ್ಕು ಸಿಲಿಂಡರ್, ಅದೇ ಬೋರ್. ಬೆಂಜ್‌ನ ಓಎಂ 352ರ ಬೋರ್ 97, ಸ್ಟ್ರೋಕ್ 128 ಆಗಿದ್ದು, 697ರ ಅಳತೆಗಳೂ ಅವೇ ಆಗಿರುವುದನ್ನು ಗಮನಿಸಿದರೆ ಮೂಲ ಯಾವುದೆಂದು ತಿಳಿಯುತ್ತದೆ. ಅಳತೆ ಒಂದೇ ಎಂದಮಾತ್ರಕ್ಕೆ ಬಿಡಿಭಾಗಗಳೆಲ್ಲ ಅದಲುಬದಲಾಗುತ್ತವೆಂದು ತಿಳಿಯಬಾರದು.

ವಿಮಾನದ ಎಂಜಿನ್ನುಗಳ ಹೆಸರು

ಇದು ಕೈಯಾರೆ ಮಾಡುವ ಕೆಲಸಕ್ಕೆ ಬೇಕಾದದ್ದಲ್ಲ, ಆದರೂ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯಾದ್ದರಿಂದ ಸೇರಿಸಿದೆ. 1933ರಲ್ಲಿ ಜರ್ಮನಿಯಲ್ಲಿ ವಿಮಾನಯಾನ ಸಚಿವಾಲಯ ಸ್ಥಾಪನೆಯಾದ ಮೇಲೆ ವಿಮಾನದ ಎಂಜಿನ್ನುಗಳಿಗೆ ಮೂರಂಕಿಯ ಸಂಖ್ಯೆ ಕೊಡುವ ಪದ್ಧತಿ ಬಂದಿತು. ಅದರಲ್ಲಿ ನೂರರ ಸ್ಥಾನದ ಅಂಕಿ ತಯಾರಕನ ಗುರುತು: 2 ಯುಂಕರ್ಸ್, 4 ಆರ್ಗಸ್, 5 ಹಿರ್ತ್, 6 ಡೈಮ್ಲರ್-ಬೆಂಜ್. ಬಿಎಂಡಬ್ಲ್ಯುಗೆ ಮೊದಲು 1 ಇತ್ತು, ಆಮೇಲೆ 8ನ್ನೂ ಕೊಟ್ಟರು. ಆದ್ದರಿಂದ ಡೈಮ್ಲರ್-ಬೆಂಜ್‌ನ 'ಡಿಬಿ 601' ಮತ್ತು 'ಡಿಬಿ 602' ಎಂಬ ಹೆಸರುಗಳು ಪಕ್ಕಪಕ್ಕದಲ್ಲಿದ್ದರೂ ಎಂಜಿನ್ನುಗಳಿಗೆ ಒಂದಕ್ಕೊಂದು ಹೋಲಿಕೆಯಿಲ್ಲ. ಮೊದಲನೆಯದು ಸಿಲಿಂಡರ್‌ಗಳು ಕೆಳಮುಖವಾಗಿರುವ, ಬಾಷ್ ಪಂಪಿನಿಂದ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ, 33.9 ಲೀಟರಿನ ಯುದ್ಧವಿಮಾನದ ಎಂಜಿನ್. ಎರಡನೆಯದು ಹದಿನಾರು ಸಿಲಿಂಡರಿನ, 88.5 ಲೀಟರಿನ ಡೀಸೆಲ್; ಹಿಂಡನ್‌ಬರ್ಗ್ ವಾಯುನೌಕೆಯನ್ನು ನಡೆಸಿದ್ದು ಇಂತಹ ನಾಲ್ಕು ಎಂಜಿನ್ನುಗಳು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯಲ್ಲಿ ಕಟ್ಟುವ ಹೆಲಿಕಾಪ್ಟರ್‌ಗಳಲ್ಲಿರುವುದು ಟರ್ಬೈನ್ ಎಂಜಿನ್. ಅದರಲ್ಲಿ ಬೋರೂ ಇಲ್ಲ, ಸ್ಟ್ರೋಕೂ ಇಲ್ಲವಾದ್ದರಿಂದ ಇಲ್ಲಿನ ಯಾವ ಸೂತ್ರವೂ ಅದಕ್ಕೆ ಸಲ್ಲುವುದಿಲ್ಲ.

ಓದಿದ್ದನ್ನು ಅಳೆದು ನೋಡುವುದು

ಹೆಸರಿನಿಂದ ಬೋರ್ ಮತ್ತು ಸ್ಟ್ರೋಕ್ ತಿಳಿದ ಮೇಲೆ ಗಾತ್ರವನ್ನು ಲೆಕ್ಕ ಹಾಕಬೇಕು. ಬೋರನ್ನು ಸೆಂಟಿಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ, ಆಮೇಲೆ ಸ್ಟ್ರೋಕಿನಿಂದ, ಕೊನೆಗೆ ಸಿಲಿಂಡರ್ ಸಂಖ್ಯೆಯಿಂದ ಗುಣಿಸಿದರೆ ಸಿಸಿಯಲ್ಲಿ ಉತ್ತರ ಬರುತ್ತದೆ. ನಾಲ್ಕು ಸಿಲಿಂಡರಿನ 912ಕ್ಕೆ 10 × 10 × 0.7854 × 12 × 4, ಎಂದರೆ 3770 ಸಿಸಿ. ಟಾಟಾ 697ಕ್ಕೆ 9.7 × 9.7 × 0.7854 × 12.8 × 6, ಎಂದರೆ 5675 ಸಿಸಿ. ಫಲಕದಲ್ಲೋ ಕಾಗದಪತ್ರಗಳಲ್ಲೋ ಬರೆದಿರುವ ಸಿಸಿ ಈ ಉತ್ತರಕ್ಕೆ ಹೊಂದಿದರೆ ಹೆಸರನ್ನು ಸರಿಯಾಗಿ ಓದಿದ್ದೀರಿ ಎಂದರ್ಥ.

ಯುಂಕರ್ಸ್ ಕಂಪನಿಯ 'ಯೂಮೊ 205' ವಿಮಾನದ ಡೀಸೆಲ್ ಎಂಜಿನ್ ಈ ಲೆಕ್ಕಕ್ಕೆ ಒಳ್ಳೆಯ ಅಭ್ಯಾಸ. ಅದಕ್ಕೆ ಸಿಲಿಂಡರ್ ಹೆಡ್ಡೇ ಇಲ್ಲ, ವಾಲ್ವೂ ಇಲ್ಲ. ಒಂದೊಂದು ಸಿಲಿಂಡರಿನಲ್ಲೂ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಬಂದು ನಡುವೆ ಗಾಳಿಯನ್ನು ಒತ್ತುತ್ತವೆ, ಮೇಲೊಂದು ಕೆಳಗೊಂದು ಕ್ರ್ಯಾಂಕ್ ಶಾಫ್ಟ್. ಬೋರ್ 105 ಮಿಲಿಮೀಟರ್, ಒಂದೊಂದು ಪಿಸ್ಟನ್ನಿನ ಸ್ಟ್ರೋಕ್ 160, ಸಿಲಿಂಡರ್ ಆರು. ಇಲ್ಲಿ ಎರಡೂ ಸ್ಟ್ರೋಕುಗಳನ್ನು ಕೂಡಿಸಿ 32 ಸೆಂಟಿಮೀಟರ್ ಎಂದು ಹಿಡಿದರೆ ಮಾತ್ರ 16.6 ಲೀಟರ್ ಎಂಬ ಸರಿಯಾದ ಉತ್ತರ ಬರುತ್ತದೆ.

ಹೆಡ್ ಬಿಚ್ಚಿದ ಎಂಜಿನ್ ಎದುರಿಗಿದ್ದರೆ ಲೆಕ್ಕಕ್ಕಿಂತ ಅಳತೆಯೇ ಮೇಲು. ಬೋರ್ ಗೇಜನ್ನು ಸಿಲಿಂಡರಿನ ಮೇಲ್ಭಾಗ, ನಡು, ಕೆಳಭಾಗ ಈ ಮೂರು ಎತ್ತರಗಳಲ್ಲಿ ಇಟ್ಟು, ಪ್ರತಿ ಎತ್ತರದಲ್ಲೂ ಒಂದಕ್ಕೊಂದು ಅಡ್ಡಲಾದ ಎರಡು ದಿಕ್ಕುಗಳಲ್ಲಿ ಓದಿಕೊಳ್ಳಬೇಕು. ಪಿಸ್ಟನ್ ಮೇಲೆ ಬಂದು ತಿರುಗುವಾಗ ಮೊದಲನೆಯ ರಿಂಗ್ ನಿಲ್ಲುವ ಜಾಗದಲ್ಲಿ ಸವೆತ ಹೆಚ್ಚು; ರಿಂಗ್ ತಲುಪದ ಕೆಳಅಂಚಿನಲ್ಲಿ ಸವೆತವೇ ಇರುವುದಿಲ್ಲವಾದ್ದರಿಂದ ಮೂಲ ಬೋರನ್ನು ಅಲ್ಲಿಯೇ ನೋಡಬೇಕು. ಅಲ್ಲಿ 100ರ ಬದಲು 100.5 ಎಂದು ಬಂದರೆ ಅದು ಬೇರೆ ಮಾದರಿಯ ಎಂಜಿನ್ ಎಂದುಕೊಳ್ಳಬೇಡಿ. ಹಿಂದೆ ಯಾರೋ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿರುತ್ತಾರೆ. ಪಿಸ್ಟನ್ನಿನ ತಲೆಯ ಕಾರ್ಬನ್ ತೆಗೆದರೆ ಆ ಅಳತೆ ಅಲ್ಲಿ ಮುದ್ರೆಯಾಗಿರುವುದು ಸಾಮಾನ್ಯವಾಗಿ ಕಾಣುತ್ತದೆ. ಸ್ಟ್ರೋಕ್ ಬೇಕಾದರೆ ಪಿಸ್ಟನ್ ತೀರ ಕೆಳಗಿರುವಾಗಲೂ ತೀರ ಮೇಲಿರುವಾಗಲೂ ಸಿಲಿಂಡರಿನ ಮೇಲಂಚಿನಿಂದ ಅದರ ತಲೆಯವರೆಗಿನ ಆಳವನ್ನು ಅಳೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ.

ಒಂದನೆಯ ಸಿಲಿಂಡರ್ ಯಾವುದು?

ಹೆಸರಿನಲ್ಲಿ ಇಲ್ಲದ, ಆದರೆ ಹೆಸರು ಓದಿ ತಯಾರಕ ಯಾರೆಂದು ತಿಳಿದ ಮೇಲಷ್ಟೇ ನಿರ್ಧರಿಸಬಹುದಾದ ಸಂಗತಿ ಇದು. ನಮ್ಮ ಲಾರಿಗಳ ಎಂಜಿನ್ನಿನಲ್ಲಿ ಫ್ಯಾನಿನ ಕಡೆಯದೇ ಒಂದನೆಯ ಸಿಲಿಂಡರ್ ಎಂಬುದು ಕೈಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಡಾಯ್ಟ್ಸ್ 912ರಲ್ಲಿ ಒಂದನೆಯದು ಎದುರು ತುದಿಯ ಫ್ಲೈವ್ಹೀಲ್ ಕಡೆಯದು. ಎಂಟಿಯು ಕೂಡ ಎಣಿಸುವುದು ಶಕ್ತಿ ಹೊರಬರುವ ಫ್ಲೈವ್ಹೀಲ್ ಕಡೆಯಿಂದಲೇ. ಆ ತುದಿಗೆ ಕೈಪಿಡಿಗಳಲ್ಲಿ 'ಕೆಎಸ್', ಎದುರು ತುದಿಗೆ 'ಕೆಜಿಎಸ್' ಎಂದು ಬರೆದಿರುತ್ತದೆ. ಕೆಎಸ್ ತುದಿಯಲ್ಲಿ ನಿಂತು ನೋಡಿದಾಗ ಎಡಸಾಲು ಎ, ಬಲಸಾಲು ಬಿ, ಆದ್ದರಿಂದ ಸಿಲಿಂಡರ್‌ಗಳು ಎ1, ಎ2, ಬಿ1, ಬಿ2 ಎಂದು ಸಾಗುತ್ತವೆ.

ಎಣಿಕೆ ತಲೆಕೆಳಗಾದರೂ ಫೈರಿಂಗ್ ಆರ್ಡರಿನಿಂದ, ಎಂದರೆ ಸಿಲಿಂಡರ್‌ಗಳು ಉರಿಯುವ ಸರದಿಯಿಂದ, ಅದು ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿನ ತೊಡಕು. ನಾಲ್ಕು ಸಿಲಿಂಡರಿನ 912ರ ಆರ್ಡರ್ 1-3-4-2. ಇದನ್ನು ಇನ್ನೊಂದು ತುದಿಯಿಂದ ಎಣಿಸಿದರೆ 4-2-1-3 ಆಗುತ್ತದೆ. ಒಂದರಿಂದ ಶುರು ಮಾಡಿ ಓದಿದರೆ ಮತ್ತೆ ಅದೇ 1-3-4-2. ಆರು ಸಿಲಿಂಡರಿನ 1-5-3-6-2-4 ಕೂಡ ಹಾಗೆಯೇ ತನ್ನ ಮೊದಲಿನ ರೂಪಕ್ಕೇ ಮರಳುತ್ತದೆ. ವಾಲ್ವುಗಳ ಅಂತರ ಹೊಂದಿಸುವ ಟ್ಯಾಪೆಟ್ ಸೆಟ್ಟಿಂಗಿನಲ್ಲೂ ತಪ್ಪು ಹೊರಬೀಳುವುದಿಲ್ಲ: ಒಂದನೆಯದರ ಎರಡು ವಾಲ್ವುಗಳು ಓವರ್‌ಲ್ಯಾಪಿನಲ್ಲಿರುವಾಗ, ಎಂದರೆ ಎಕ್ಸಾಸ್ಟ್ ಮುಚ್ಚುತ್ತ ಇನ್‌ಲೆಟ್ ತೆರೆಯುತ್ತಿರುವಾಗ, ನಾಲ್ಕನೆಯದರ ಟ್ಯಾಪೆಟ್ ಹೊಂದಿಸಬೇಕು; ಎರಡಕ್ಕೆ ಮೂರು, ಮೂರಕ್ಕೆ ಎರಡು, ನಾಲ್ಕಕ್ಕೆ ಒಂದು. ಈ ಜೋಡಿಗಳು ಯಾವ ತುದಿಯಿಂದ ಎಣಿಸಿದರೂ ಅವೇ. 912ರಲ್ಲಿ ಎಂಜಿನ್ ತಣ್ಣಗಿರುವಾಗ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.15 ಮಿಲಿಮೀಟರ್ ಅಂತರ ಇಟ್ಟರೆ ಕೆಲಸ ಸರಿಯಾಗಿಯೇ ಮುಗಿಯುತ್ತದೆ.

ತಪ್ಪು ಬಯಲಾಗುವುದು ಇಂಧನದ ಪಂಪನ್ನು ಇಳಿಸಿ ಮತ್ತೆ ಕೂರಿಸುವಾಗ. ಒಂದು ಮತ್ತು ನಾಲ್ಕನೆಯ ಪಿಸ್ಟನ್‌ಗಳು ಒಟ್ಟಿಗೇ ಮೇಲೆ ಬರುತ್ತವೆ; ಆದರೆ ಒಂದು ಕಂಪ್ರೆಷನ್‌ನಲ್ಲಿದ್ದರೆ ಇನ್ನೊಂದು ಓವರ್‌ಲ್ಯಾಪಿನಲ್ಲಿರುತ್ತದೆ. ಫ್ಯಾನಿನ ಕಡೆಯದನ್ನು ಒಂದು ಎಂದು ತಿಳಿದು ಅದನ್ನು ಕಂಪ್ರೆಷನ್‌ಗೆ ತಂದು ಟೈಮಿಂಗ್ ಕೂರಿಸಿದರೆ, ಕ್ರ್ಯಾಂಕಿನ ಲೆಕ್ಕದಲ್ಲಿ ಪೂರ್ತಿ ಒಂದು ಸುತ್ತು, ಪಂಪಿನ ಲೆಕ್ಕದಲ್ಲಿ ಅರ್ಧ ಸುತ್ತು ವ್ಯತ್ಯಾಸವಾಗುತ್ತದೆ. ಡೀಸೆಲ್ ಎಲ್ಲ ಸಿಲಿಂಡರಿಗೂ ವಾಲ್ವ್ ತೆರೆದಿರುವ ಹೊತ್ತಿಗೆ ಬೀಳುತ್ತದೆ; ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ. ಟೈಮಿಂಗ್ ಗುರುತುಗಳೆಲ್ಲ ಸರಿಯಾಗಿ ಕೂಡಿಕೊಂಡಿದ್ದರೂ ಹೀಗಾದರೆ, ಪಂಪನ್ನು ದೂರುವ ಮೊದಲು ಒಂದನೆಯ ಸಿಲಿಂಡರ್ ಯಾವುದೆಂದು ಕೇಳಿಕೊಳ್ಳಬೇಕು.

ಪಂಪು ಮತ್ತು ನಾಜಲ್

ಬಾಷ್ ಕಂಪನಿ ಡೀಸೆಲ್ ಪಂಪುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಅದರ ಶಾಖೆಯನ್ನು ನಮ್ಮವರು ಇಂದಿಗೂ ಮೈಕೋ ಎಂದೇ ಕರೆಯುತ್ತಾರೆ. ಮೈಕೋ ಪಂಪಿನ ಫಲಕದ ಮೇಲಿರುವುದೂ ಜರ್ಮನ್ ಕ್ರಮದ ಹೆಸರೇ. 'ಪಿಇಎಸ್ 6 ಎ 90' ಎಂದಿದ್ದರೆ, ಪಿ ಪಂಪ್, ಇ ಅದರೊಳಗೇ ಕ್ಯಾಮ್ ಶಾಫ್ಟ್ ಇರುವುದಕ್ಕೆ, ಎಸ್ ಮುಂಭಾಗದ ಫ್ಲೇಂಜಿನಿಂದ ಕೂರಿಸುವುದಕ್ಕೆ, 6 ಸಿಲಿಂಡರಿಗೆ, ಎ ಪಂಪಿನ ಗಾತ್ರದ ವರ್ಗಕ್ಕೆ ಗುರುತು. 90ನ್ನು ಹತ್ತರಿಂದ ಭಾಗಿಸಿದರೆ ಡೀಸೆಲನ್ನು ಒತ್ತುವ ಪ್ಲಂಜರಿನ ದಪ್ಪ 9 ಮಿಲಿಮೀಟರ್. ನಾಜಲ್ ಮೇಲೆ 'ಡಿಎಲ್ಎಲ್ಎ 150 ಎಸ್' ಎಂದಿದ್ದರೆ ಅದು ಉದ್ದ ಮೂತಿಯ, ರಂಧ್ರಗಳಿರುವ ನಾಜಲ್, ಸಿಂಪರಣೆಯ ಕೋನ 150 ಡಿಗ್ರಿ. ಕೋನ ಹೊಂದುವ ಬೇರೆ ನಾಜಲ್ ಹಾಕಿದರೆ ಸಾಕು ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದಕ್ಕೆ ಒಪ್ಪಬಾರದು: ರಂಧ್ರಗಳ ಸಂಖ್ಯೆ ಮತ್ತು ಅಳತೆ ಆ ಹೆಸರಿನ ಮುಂದುವರಿದ ಅಂಕಿಗಳಿಂದ ನಿರ್ಧಾರವಾಗುವುದರಿಂದ ಪೂರ್ತಿ ಹೆಸರು ಹೊಂದಿದರೆ ಮಾತ್ರ ಕೊಳ್ಳಬೇಕು.

ಫಲಕದಲ್ಲಿ ಉಳಿದದ್ದು

ಹಳೆಯ ಜರ್ಮನ್ ಫಲಕಗಳಲ್ಲಿ ಶಕ್ತಿಯನ್ನು 'ಪಿಎಸ್' ಎಂದು ಬರೆದಿರುತ್ತಾರೆ. ಅದು ಬ್ರಿಟಿಷ್ ಅಶ್ವಶಕ್ತಿಗಿಂತ ತುಸು ಚಿಕ್ಕದು: 100 ಪಿಎಸ್ ಎಂದರೆ 73.5 ಕಿಲೋವ್ಯಾಟ್, 100 ಎಚ್‌ಪಿ ಎಂದರೆ 74.6 ಕಿಲೋವ್ಯಾಟ್. ಜನರೇಟರಿಗೆ ಎಂಜಿನ್ ಹೊಂದಿಸುವಾಗ ಎರಡನ್ನೂ ಕಿಲೋವ್ಯಾಟಿಗೆ ತಂದು ಹೋಲಿಸುವುದು ಕ್ಷೇಮ. 'ಯು/ಮಿನ್' ಎಂಬುದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಹೇಳುತ್ತದೆ. ನಮ್ಮ ವಿದ್ಯುತ್ತಿನ 50 ಸೈಕಲ್ಲಿಗೆ ನಾಲ್ಕು ಧ್ರುವಗಳ ಆಲ್ಟರ್ನೇಟರ್ 1500 ಸುತ್ತಿನಲ್ಲಿ ತಿರುಗಬೇಕಾದ್ದರಿಂದ, 2500 ಸುತ್ತಿಗೆ ಬರೆದಿರುವ ಶಕ್ತಿಯನ್ನು ನಂಬಿ ಜನರೇಟರಿಗೆ ಎಂಜಿನ್ ಕೊಳ್ಳಬಾರದು. 1500 ಸುತ್ತಿನಲ್ಲಿ ಅದೇ ಎಂಜಿನ್ ಎಷ್ಟು ಕೊಡುತ್ತದೆಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಬಿಡಿಭಾಗ ತರಿಸುವಾಗ ಎಂಜಿನ್ನಿನ ಪೂರ್ತಿ ಹೆಸರು, ಕ್ರ್ಯಾಂಕ್‌ಕೇಸಿನ ಪಂಚ್ ಸಂಖ್ಯೆ, ಪಂಪಿನ ಹೆಸರು, ಅಳೆದ ಬೋರ್ ಈ ನಾಲ್ಕನ್ನೂ ಒಂದೇ ಚೀಟಿಯಲ್ಲಿ ಬರೆದು, ಸಿಲಿಂಡರನ್ನು ಹೆಸರಿಸುವಲ್ಲಿ 'ಫ್ಲೈವ್ಹೀಲ್ ಕಡೆಯಿಂದ ಇಷ್ಟನೆಯದು' ಎಂದು ಬಿಡಿಸಿ ಬರೆಯಬೇಕು.